ಟ್ರ್ಯಾಕ್ ಇಪ್ಪತ್ತು, ಸ್ಕ್ರೀನ್ ಒಂದು: ಆಡಾಸಿಟಿ ಮತ್ತು ರೀಪರ್‌ನಲ್ಲಿ ಟ್ರ್ಯಾಕ್ ಎತ್ತರ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಒಂದು ಭಾವಗೀತೆಯ ರೆಕಾರ್ಡಿಂಗ್ ತೆಗೆದುಕೊಳ್ಳಿ. ಮುಖ್ಯ ಗಾಯನದ ಎರಡು ಟೇಕ್, ಕೋರಸ್ ನಾಲ್ಕು, ತಬಲಾದ ಎಡ-ಬಲ ಎರಡು, ಢೋಲಕ್, ಹಾರ್ಮೋನಿಯಂ, ಕೊಳಲು, ಪಿಟೀಲು, ಮ್ಯಾಂಡೊಲಿನ್, ಕೀಬೋರ್ಡ್ ಮೂರು, ಗೆಜ್ಜೆ, ಶೇಕರ್, ತಂಬೂರಿ, ಲಯಕ್ಕಾಗಿ ಟಿಕ್ ಟಿಕ್ ಎನ್ನುವ ಕ್ಲಿಕ್. ಒಂದೊಂದಕ್ಕೂ ಸ್ಕ್ರೀನಿನಲ್ಲಿ ಬೇರೆ ಸಾಲು, ಅದೇ ಟ್ರ್ಯಾಕ್. ಎಣಿಸಿದರೆ ಇಪ್ಪತ್ತು ಟ್ರ್ಯಾಕ್ ಆಯಿತು. ಇದೇನೂ ದೊಡ್ಡ ಪ್ರಾಜೆಕ್ಟ್ ಅಲ್ಲ, ಮಾಮೂಲಿ ಸುಗಮ ಸಂಗೀತದ ಕೆಲಸ.

ಇದನ್ನು 1366×768 ಅಳತೆಯ ಲ್ಯಾಪ್‌ಟಾಪಿನಲ್ಲಿ, ಆಡಾಸಿಟಿ ಎಂಬ ರೆಕಾರ್ಡಿಂಗ್-ಎಡಿಟಿಂಗ್ ತಂತ್ರಾಂಶದಲ್ಲಿ ತೆರೆಯಿರಿ. ಕೆಳಗೆ ಟಾಸ್ಕ್‌ಬಾರ್, ಮೇಲೆ ಮೆನು, ಟೂಲ್‌ಬಾರ್, ಸಮಯದ ಪಟ್ಟಿ. ಇವೆಲ್ಲ ತಿಂದು ಮಿಕ್ಕಿದ್ದು ಹೆಚ್ಚುಕಮ್ಮಿ 500 ಪಿಕ್ಸೆಲ್. ಇಪ್ಪತ್ತರಿಂದ ಭಾಗಿಸಿದರೆ ತಲಾ 25. ಅಷ್ಟರಲ್ಲಿ ಟ್ರ್ಯಾಕಿನ ಹೆಸರು, ಬಟನ್, ಶಬ್ದದ ಅಲೆ (ವೇವ್‌ಫಾರ್ಮ್) ಯಾವುದೂ ನೆಟ್ಟಗೆ ಕಾಣುವುದಿಲ್ಲ. ಹಾಗಂತ ಆಡಾಸಿಟಿ ತಾನಾಗಿ ಕೊಡುವ ಎತ್ತರದಲ್ಲೇ ಬಿಟ್ಟರೆ ಮೂರೋ ನಾಲ್ಕೋ ಟ್ರ್ಯಾಕ್ ಕಾಣುತ್ತವೆ, ಉಳಿದದ್ದಕ್ಕೆ ದಿನವಿಡೀ ಸ್ಕ್ರೋಲ್ ಮಾಡುತ್ತಿರಬೇಕು.

"ಸರಿಯಾದ ಎತ್ತರ ಎಷ್ಟು?" ಅಂತ ತುಂಬಾ ಜನ ಕೇಳುತ್ತಾರೆ. ಅಂಥದ್ದೊಂದು ಎತ್ತರ ಇಲ್ಲವೇ ಇಲ್ಲ. ಕೈ ಯಾವ ಟ್ರ್ಯಾಕ್ ಮೇಲಿದೆಯೋ ಅದು ದೊಡ್ಡದಿರಲಿ, ಉಳಿದವು ಚಿಕ್ಕದಿರಲಿ. ಕೆಲಸ ಬದಲಾದಾಗ ಎತ್ತರವೂ ಬದಲಾಗಲಿ. ಈ ಬದಲಾವಣೆ ಎರಡು ಸೆಕೆಂಡಿನಲ್ಲಿ ಮುಗಿಯಬೇಕು. ಅದಕ್ಕೇ ಇಲ್ಲಿ ಕೀಬೋರ್ಡ್ ಶಾರ್ಟ್‌ಕಟ್‌ಗಳ ಮಾತು ಜಾಸ್ತಿ. ಆಡಾಸಿಟಿ ಬಗ್ಗೆ ಹೇಳಿರುವುದೆಲ್ಲ 3ನೇ ಆವೃತ್ತಿಯ ಸರಣಿಗೆ. ಕೀಗಳು ವಿಂಡೋಸ್‌ನವು, ಮ್ಯಾಕ್‌ನಲ್ಲಿ ಸಾಮಾನ್ಯವಾಗಿ ಕಂಟ್ರೋಲ್ ಇದ್ದ ಕಡೆ ಕಮಾಂಡ್ ಒತ್ತಿ.

ಮೊದಲು ಗೊಂದಲ ಬಿಡಿಸಿಕೊಳ್ಳಿ: ಎತ್ತರ, ಜೂಮ್, ಗೇನ್

ಅಲೆ ಚಿಕ್ಕದಾಗಿ ಕಾಣುತ್ತಿದೆ ಎಂದು ಗೇನ್ ಏರಿಸುವವರನ್ನು ನೀವೂ ನೋಡಿರುತ್ತೀರಿ. ಇಲ್ಲಿ ಬೇರೆ ಬೇರೆ ಮೂರು ಸಂಗತಿಗಳಿವೆ.

ಟ್ರ್ಯಾಕಿನ ಎತ್ತರ ಎಂದರೆ ಆ ಸಾಲಿಗೆ ಸ್ಕ್ರೀನಿನಲ್ಲಿ ಎಷ್ಟು ಜಾಗ ಕೊಟ್ಟಿದ್ದೀರಿ ಎಂಬುದು. ಲಂಬ ಜೂಮ್ ಎಂದರೆ ಆ ಜಾಗದೊಳಗೆ ಅಲೆಯನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಎಂಬುದು. ಇವೆರಡರಿಂದ ಶಬ್ದಕ್ಕೆ ಏನೂ ಆಗುವುದಿಲ್ಲ. ಮೂರನೆಯದು ಗೇನ್. ದನಿ ಜೋರಾಗುವುದು, ಮೆತ್ತಗಾಗುವುದು ಇದೊಂದರಿಂದಲೇ.

ಲೆಕ್ಕ ಹಾಕಿ ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಅಲೆಗೆ 100 ಪಿಕ್ಸೆಲ್ ಜಾಗ ಇದೆ ಎಂದುಕೊಳ್ಳಿ. ನಡುಗೆರೆಯಿಂದ ಮೇಲಕ್ಕೆ 50, ಕೆಳಕ್ಕೆ 50. ಶಬ್ದ ಪೂರ್ತಿ ಮಟ್ಟ ಮುಟ್ಟಿದರೆ 50 ಪಿಕ್ಸೆಲ್ ತುಂಬುತ್ತದೆ. ಈ ಪೂರ್ತಿ ಮಟ್ಟವೇ 0 ಡಿಬಿ (ಡೆಸಿಬಲ್, ಶಬ್ದದ ಮಟ್ಟದ ಅಳತೆ). -6 ಡಿಬಿ ಇದ್ದರೆ ಸುಮಾರು 25. -20 ಡಿಬಿಗೆ 5. -40 ಡಿಬಿಗೆ ಅರ್ಧ ಪಿಕ್ಸೆಲ್! ಅಂದರೆ ಗಾಯಕಿ ಚರಣಕ್ಕೆ ಮುಂಚೆ ಮೆಲ್ಲಗೆ ಎಳೆದುಕೊಂಡ ಉಸಿರು ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳಿಸುತ್ತದೆ, ಸ್ಕ್ರೀನಿನಲ್ಲಿ ಮಾತ್ರ ಖಾಲಿ ಗೆರೆ. ಟ್ರ್ಯಾಕನ್ನು ಎರಡು ಪಟ್ಟು ಎತ್ತರ ಮಾಡಿದರೂ ಒಂದೇ ಪಿಕ್ಸೆಲ್ ಸಿಗುವುದು. ಇಲ್ಲಿ ಎತ್ತರ ಏರಿಸಿ ಪ್ರಯೋಜನವಿಲ್ಲ.

ಇಂಥ ಕಡೆ ಆಡಾಸಿಟಿಯಲ್ಲಿ ಡಿಬಿ ನೋಟಕ್ಕೆ ಬದಲಾಯಿಸಿ. ಅಲೆಯ ಎಡಕ್ಕೆ ಅಂಕಿಗಳಿರುವ ಲಂಬ ಅಳತೆಪಟ್ಟಿ ಇದೆಯಲ್ಲ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಲಾಗರಿದಮಿಕ್ ಆರಿಸಿ. ಅಳತೆಪಟ್ಟಿ -60 ಡಿಬಿವರೆಗೆ ಇದ್ದರೆ ಅದೇ -40 ಡಿಬಿ ಉಸಿರಿಗೆ ಈಗ ಸುಮಾರು 17 ಪಿಕ್ಸೆಲ್ ಸಿಗುತ್ತದೆ. ಕಣ್ಣಿಗೆ ಕಾಣುತ್ತದೆ, ಕತ್ತರಿಸಬಹುದು.

ಆದರೆ ಈ ನೋಟದಲ್ಲೇ ಇಡೀ ದಿನ ಕೂರಬೇಡಿ. ಫ್ಯಾನಿನ ಸದ್ದು ಕೂಡ ದೊಡ್ಡ ಅಲೆಯಂತೆ ಕಾಣುತ್ತದೆ. ಅದನ್ನು ನೋಡಿ ಗಾಬರಿಬಿದ್ದು ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಿದರೆ ಗಾಯನ ನೀರೊಳಗಿಂದ ಬಂದ ಹಾಗೆ ಕೇಳುತ್ತದೆ. ಕೆಲಸ ಮುಗಿದ ಕೂಡಲೇ ಲೀನಿಯರ್ ನೋಟಕ್ಕೆ ಮರಳಿ.

ಸ್ಕ್ರೀನಿನಲ್ಲಿ ಜಾಗ ಬಿಡಿಸಿ

ಟ್ರ್ಯಾಕ್ ಮುಟ್ಟುವ ಮೊದಲು ಸುತ್ತಮುತ್ತ ಸ್ವಲ್ಪ ಚೊಕ್ಕ ಮಾಡಿ. ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸ್ಕೇಲ್ ಎಷ್ಟಿದೆ ನೋಡಿ. 1920×1080 ಸ್ಕ್ರೀನಿಗೆ 150 ಶೇಕಡಾ ಸ್ಕೇಲ್ ಹಾಕಿದ್ದರೆ ನಿಮಗೆ ಸಿಗುವ ಜಾಗ 1280×720ರಷ್ಟೇ. ಕಣ್ಣಿಗೆ ತೊಂದರೆಯಾಗದಿದ್ದರೆ 125ಕ್ಕೋ 100ಕ್ಕೋ ಇಳಿಸಿ. ಟಾಸ್ಕ್‌ಬಾರ್ ತಾನಾಗಿ ಅಡಗುವಂತೆ ಮಾಡಿ. ಆಡಾಸಿಟಿಯ ವ್ಯೂ ಮೆನುವಿನಲ್ಲಿ ಟೂಲ್‌ಬಾರ್ಸ್‌ಗೆ ಹೋಗಿ ಬಳಸದೇ ಇರುವುದನ್ನು ತೆಗೆಯಿರಿ. ಎರಡನೇ ಮಾನಿಟರ್ ಇದ್ದು ಅದರ ಸ್ಟ್ಯಾಂಡ್ ತಿರುಗುವಂತಿದ್ದರೆ ಅದನ್ನು ಉದ್ದಕ್ಕೆ ನಿಲ್ಲಿಸಿ ನೋಡಿ. 1920 ಪಿಕ್ಸೆಲ್ ಎತ್ತರ ಸಿಕ್ಕರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಆಡಾಸಿಟಿ: ಹಂತ ಹಂತವಾಗಿ

1. ಮೊದಲು ಹೆಸರಿಡಿ. ಟ್ರ್ಯಾಕ್ ಸಣ್ಣದಾದಾಗ ಅಲೆ ನೋಡಿ ಯಾವುದು ಕೊಳಲು, ಯಾವುದು ಪಿಟೀಲು ಎಂದು ಹೇಳುವುದು ಕಷ್ಟ. ಹೆಸರಿನ ಮುಂದೆ 01, 02 ಎಂದು ಅಂಕಿ ಹಾಕಿ. ಆಮೇಲೆ ಟ್ರ್ಯಾಕ್ಸ್ ಮೆನುವಿನ ಸಾರ್ಟ್ ಟ್ರ್ಯಾಕ್ಸ್‌ನಲ್ಲಿ ಬೈ ನೇಮ್ ಒತ್ತಿದರೆ ಎಲ್ಲವೂ ನಿಮ್ಮ ಕ್ರಮಕ್ಕೇ ಬಂದು ಕೂರುತ್ತವೆ. ಹೆಸರು ಕನ್ನಡದಲ್ಲೂ ಇಡಬಹುದು. ಅಲೆಗೆ ನಾಲ್ಕು ಬಣ್ಣಗಳ ಆಯ್ಕೆಯೂ ಇದೆ. ಗಾಯನಕ್ಕೊಂದು, ತಾಳವಾದ್ಯಕ್ಕೊಂದು, ಉಳಿದ ವಾದ್ಯಗಳಿಗೊಂದು ಬಣ್ಣ ಕೊಟ್ಟರೆ ಸಾಕು.

2. ಒಂದೇ ಟ್ರ್ಯಾಕಿನ ಎತ್ತರ ಬದಲಿಸಲು ಅದರ ಕೆಳ ಅಂಚನ್ನು ಹಿಡಿದು ಎಳೆಯಿರಿ. ಸ್ಟೀರಿಯೋ ಟ್ರ್ಯಾಕಿನಲ್ಲಿ ಎರಡು ಚಾನೆಲ್‌ಗಳ ನಡುವಿನ ಗೆರೆಯನ್ನೂ ಎಳೆಯಬಹುದು. ಎಡ ಚಾನೆಲ್ ದೊಡ್ಡದು, ಬಲ ಚಿಕ್ಕದು ಮಾಡಿಕೊಳ್ಳಲು ಅದು ಬಳಕೆಗೆ ಬರುತ್ತದೆ, ಅಪರೂಪಕ್ಕೆ.

3. ಎಲ್ಲವನ್ನೂ ಒಟ್ಟಿಗೆ ಮಡಚಲು ಕಂಟ್ರೋಲ್ + ಶಿಫ್ಟ್ + ಸಿ. ಮಡಚಿದ್ದನ್ನು ಬಿಚ್ಚಲು ಕಂಟ್ರೋಲ್ + ಶಿಫ್ಟ್ + ಎಕ್ಸ್. ಒಂದನ್ನೇ ಮಡಚಲು ಎಡ ಫಲಕದ ಕೆಳಗಿರುವ ಪುಟ್ಟ ತ್ರಿಕೋನ ಒತ್ತಿ.

4. ಎಲ್ಲ ಟ್ರ್ಯಾಕನ್ನೂ ಕಿಟಕಿಯ ಎತ್ತರಕ್ಕೆ ಹೊಂದಿಸಲು ಕಂಟ್ರೋಲ್ + ಶಿಫ್ಟ್ + ಎಫ್. ಮೆನುವಿನಲ್ಲಿ ಇದು ವ್ಯೂ, ಟ್ರ್ಯಾಕ್ ಸೈಜ್, ಫಿಟ್ ಟು ಹೈಟ್.

ಮೂರು ಮತ್ತು ನಾಲ್ಕನೇ ಹಂತ ಸೇರಿದಾಗಲೇ ಮಜಾ ಇರುವುದು. ಫಿಟ್ ಟು ಹೈಟ್ ಮಡಚಿದ ಟ್ರ್ಯಾಕ್‌ಗಳನ್ನು ಮುಟ್ಟುವುದಿಲ್ಲ. ಅವನ್ನು ಹಾಗೇ ಬಿಟ್ಟು, ಉಳಿದ ಜಾಗವನ್ನು ಬಿಚ್ಚಿರುವ ಟ್ರ್ಯಾಕ್‌ಗಳಿಗೆ ಹಂಚುತ್ತದೆ. ಆರೇಳು ಟ್ರ್ಯಾಕಿನ ಪ್ರಾಜೆಕ್ಟ್ ಇದ್ದರೆ ಹೀಗೆ ಮಾಡಿ: ಎಲ್ಲ ಮಡಚಿ, ಗಾಯನ ಮತ್ತು ತಬಲಾ ಮಾತ್ರ ಬಿಚ್ಚಿ, ಫಿಟ್ ಟು ಹೈಟ್ ಒತ್ತಿ. ಎರಡೂ ಸರಿಯಾಗಿ ದೊಡ್ಡದಾಗಿ ನಿಲ್ಲುತ್ತವೆ, ಉಳಿದವು ಸಣ್ಣ ಪಟ್ಟಿಗಳಾಗಿ ಕಣ್ಣಿಗೆ ಬೀಳುವಲ್ಲೇ ಇರುತ್ತವೆ. ನೀಟಾಗಿ ಮುಗಿಯಿತಲ್ವಾ?

ಇಪ್ಪತ್ತಕ್ಕೆ ಈ ಉಪಾಯ ಕೈಕೊಡುತ್ತದೆ. ಮಡಚಿದ ಟ್ರ್ಯಾಕಿಗೂ ಹೆಸರು ಮತ್ತು ತ್ರಿಕೋನ ಕಾಣಲು ಒಂದಿಷ್ಟು ಎತ್ತರ ಬೇಕು, ಅದಕ್ಕಿಂತ ಕೆಳಗೆ ಆಡಾಸಿಟಿ ಇಳಿಯುವುದಿಲ್ಲ. ಸಣ್ಣ ಲ್ಯಾಪ್‌ಟಾಪಿನಲ್ಲಿ ಹತ್ತೊಂಬತ್ತು ಟ್ರ್ಯಾಕ್ ಮಡಚಿದರೂ ಅವೇ ಸ್ಕ್ರೀನ್ ತುಂಬಿ ಹೊರಗೆ ಚೆಲ್ಲುತ್ತವೆ. ಬೇಡದ ಟ್ರ್ಯಾಕನ್ನು ಪೂರ್ತಿ ಅಡಗಿಸುವ ಸೌಕರ್ಯವೂ ಇಲ್ಲ. ಆಗ ಎರಡು ದಾರಿ.

ಮೊದಲನೆಯದು ಸುಲಭ. ಕೆಲಸದ ಟ್ರ್ಯಾಕಿನ ಹೆಸರಿನ ಮೆನುವಿನಲ್ಲಿ ಮೂವ್ ಟ್ರ್ಯಾಕ್ ಟು ಟಾಪ್ ಒತ್ತಿ, ಅದನ್ನು ಮೇಲಕ್ಕೆ ತನ್ನಿ. ಬೇಕಾದಷ್ಟು ಎತ್ತರಕ್ಕೆ ಎಳೆಯಿರಿ. ಉಳಿದವು ಕೆಳಗೆ ಹೋಗಲಿ ಬಿಡಿ.

ಎರಡನೆಯದು ಮುಗಿದ ಟ್ರ್ಯಾಕ್‌ಗಳನ್ನು ಒಂದು ಮಾಡುವುದು. ಕೋರಸ್ ನಾಲ್ಕೂ ತಿದ್ದಿ ಆಯಿತು ಎಂದಾದರೆ ಮೊದಲು ಫೈಲ್ ಮೆನುವಿನಿಂದ ಬ್ಯಾಕಪ್ ಪ್ರಾಜೆಕ್ಟ್ ಮಾಡಿ. ಇದನ್ನು ಖಂಡಿತ ಮರೆಯಬೇಡಿ. ನಂತರ ನಾಲ್ಕನ್ನೂ ಆಯ್ಕೆ ಮಾಡಿ ಕಂಟ್ರೋಲ್ + ಶಿಫ್ಟ್ + ಎಂ ಒತ್ತಿ. ನಾಲ್ಕೂ ಸೇರಿದ ಹೊಸ ಟ್ರ್ಯಾಕ್ ಹುಟ್ಟುತ್ತದೆ. ಕೇಳಿ ನೋಡಿ, ಸರಿ ಇದ್ದರೆ ಹಳೆಯ ನಾಲ್ಕನ್ನು ತೆಗೆಯಿರಿ. ಕೀಬೋರ್ಡ್ ಮೂರನ್ನೂ ಹೀಗೇ ಮಾಡಿದರೆ ಇಪ್ಪತ್ತು ಇದ್ದದ್ದು ಹದಿನೈದಾಗುತ್ತದೆ. ಆಮೇಲೆ ಒಂದು ಕೋರಸ್ ದನಿ ಮಾತ್ರ ಇಳಿಸಬೇಕು ಎನಿಸಿದರೆ ಬ್ಯಾಕಪ್‌ಗೇ ಹೋಗಬೇಕು, ಅದು ಇದರ ಬೆಲೆ.

5. ಪ್ರಿಫರೆನ್ಸಸ್‌ನ ಟ್ರ್ಯಾಕ್ಸ್ ಪುಟದಲ್ಲಿ ಆಟೋ-ಫಿಟ್ ಟ್ರ್ಯಾಕ್ ಹೈಟ್ ಎಂಬ ಚೌಕ ಇದೆ. ಟಿಕ್ ಮಾಡಿದರೆ ಹೊಸ ಟ್ರ್ಯಾಕ್ ಸೇರಿದಾಗೆಲ್ಲ ಎಲ್ಲದರ ಎತ್ತರ ತಾನೇ ಹೊಂದಿಕೊಳ್ಳುತ್ತದೆ. ಎರಡು-ಮೂರು ಮಂದಿ ಮಾತಾಡುವ ಪಾಡ್‌ಕಾಸ್ಟ್ ಮಾಡುವವರಿಗೆ ಇದು ಒಳ್ಳೆಯದು. ಹಾಡಿನ ಕೆಲಸಕ್ಕೆ ನನ್ನ ಮಟ್ಟಿಗೆ ಬೇಡ. ನೀವು ಕೈಯಾರೆ ಇಟ್ಟ ಎತ್ತರ ನಡುವೆ ಬದಲಾಗಿ ಕಿರಿಕಿರಿ ಎನಿಸುತ್ತದೆ.

6. ಹಾಫ್ ವೇವ್ ಕೂಡ ಒಮ್ಮೆ ನೋಡಿ. ಲಂಬ ಅಳತೆಪಟ್ಟಿಯ ಅದೇ ರೈಟ್ ಕ್ಲಿಕ್ ಮೆನುವಿನಲ್ಲಿದೆ. ಅಲೆಯ ಮೇಲಿನ ಅರ್ಧವನ್ನಷ್ಟೇ ತೋರಿಸುತ್ತದೆ. ಯಾರು ಎಲ್ಲಿ ಹಾಡಿದ್ದಾರೆ, ಎಲ್ಲಿ ಸುಮ್ನಿದ್ದಾರೆ ಎಂದು ತಿಳಿಯಲು ಅರ್ಧ ಸಾಕು. ಅದೇ ಎತ್ತರದಲ್ಲಿ ಅಲೆ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಟ್ರ್ಯಾಕ್ ಚಿಕ್ಕದಾಗುತ್ತಾ ಹೋದಂತೆ ಎಡ ಫಲಕದ ಗೇನ್, ಪ್ಯಾನ್ (ದನಿ ಎಡಕ್ಕೋ ಬಲಕ್ಕೋ), ಮ್ಯೂಟ್ (ಆ ಟ್ರ್ಯಾಕ್ ಸುಮ್ಮನಾಗುವುದು), ಸೋಲೋ (ಅದೊಂದೇ ಕೇಳುವುದು) ಎಲ್ಲ ಮರೆಯಾಗುತ್ತವೆ. ಅದಕ್ಕಾಗಿ ಮತ್ತೆ ಎಳೆದು ದೊಡ್ಡದು ಮಾಡಬೇಕಿಲ್ಲ. ಮೇಲೆ-ಕೆಳಗೆ ಬಾಣದ ಕೀಗಳಿಂದ ಆ ಟ್ರ್ಯಾಕಿಗೆ ಹೋಗಿ ಶಿಫ್ಟ್ + ಯು ಒತ್ತಿದರೆ ಮ್ಯೂಟ್, ಶಿಫ್ಟ್ + ಎಸ್ ಒತ್ತಿದರೆ ಸೋಲೋ. ಮಡಚಿದ್ದರೂ ನಡೆಯುತ್ತದೆ. ಯಾವುದಾದರೂ ಕೀ ಕೆಲಸ ಮಾಡದಿದ್ದರೆ ಪ್ರಿಫರೆನ್ಸಸ್‌ನ ಕೀಬೋರ್ಡ್ ಶಾರ್ಟ್‌ಕಟ್‌ಗಳ ಪುಟದಲ್ಲಿ ಅದನ್ನು ಹುಡುಕಿ ನಿಮಗೆ ಬೇಕಾದ್ದನ್ನು ಕೊಟ್ಟುಕೊಳ್ಳಿ.

ಒಂದು ತಿದ್ದುಪಡಿ, ಹತ್ತಿರದಿಂದ

ಚರಣದ ಎರಡನೇ ಸಾಲಿನ ಮೊದಲು ಗಾಯಕಿಯ ತುಟಿ ಬಿಚ್ಚಿದ "ಟಕ್" ಸದ್ದು ಬಂದಿದೆ ಎಂದುಕೊಳ್ಳಿ. ಗಾಯನದ ಟ್ರ್ಯಾಕನ್ನು ಮೇಲಕ್ಕೆ ತಂದು ಅರ್ಧ ಸ್ಕ್ರೀನಿನಷ್ಟು ಎತ್ತರ ಮಾಡಿ. ಸದ್ದಿನ ಸುತ್ತ ಒಂದು ಸೆಕೆಂಡಿನಷ್ಟು ಆಯ್ದು ಕಂಟ್ರೋಲ್ + ಇ ಒತ್ತಿ. ಆಯ್ದ ಭಾಗ ಅಗಲಕ್ಕೆ ತುಂಬುತ್ತದೆ. ಸಾಲು ಶುರುವಾಗುವ ಮುಂಚೆ, ಸಪಾಟು ಜಾಗದಲ್ಲಿ ಮುಳ್ಳಿನಂತೆ ಎದ್ದ ಒಂದು ಗೆರೆ ಕಾಣಬೇಕು. ಕಾಣದಿದ್ದರೆ ಲಂಬ ಅಳತೆಪಟ್ಟಿಯ ಮೇಲೆ ಮೌಸ್ ಇಟ್ಟು ಕಂಟ್ರೋಲ್ ಹಿಡಿದು ಚಕ್ರ ತಿರುಗಿಸಿ. ಇದೇ ಲಂಬ ಜೂಮ್.

ಮುಳ್ಳು ಸಿಕ್ಕಿತೇ? ಅದನ್ನಷ್ಟೇ ಆಯ್ದು ಇನ್ನೊಮ್ಮೆ ಕಂಟ್ರೋಲ್ + ಇ. ಈಗ ಅಲೆ ಚುಕ್ಕಿಗಳ ಸಾಲಾಗಿ ಕಾಣಲು ಶುರುವಾಗುತ್ತದೆ. ಒಂದೊಂದು ಚುಕ್ಕಿಯೂ ಒಂದೊಂದು ಸ್ಯಾಂಪಲ್, ಅಂದರೆ ಆ ಕ್ಷಣದ ಶಬ್ದದ ಒಂದು ಅಳತೆ. ಕೆಟ್ಟಿರುವ ಚುಕ್ಕಿಗಳನ್ನು ಆಯ್ದು ಎಫೆಕ್ಟ್ ಮೆನುವಿನ ರಿಪೇರ್ ಹಾಕಿ. ಅದು 128 ಸ್ಯಾಂಪಲ್‌ವರೆಗೆ ಮಾತ್ರ ಕೆಲಸ ಮಾಡುತ್ತದೆ. 44,100 ಹರ್ಟ್ಜ್ ರೆಕಾರ್ಡಿಂಗ್‌ನಲ್ಲಿ ಅದು ಮೂರು ಮಿಲಿಸೆಕೆಂಡಿಗೂ ಕಮ್ಮಿ. ಅಷ್ಟು ಸಣ್ಣದನ್ನು ಕೈಯಿಂದ ಹಿಡಿಯಬೇಕಾದರೆ ಈ ಎತ್ತರ, ಈ ಜೂಮ್ ಎರಡೂ ಬೇಕೇ ಬೇಕು.

ಸದ್ದು ಉದ್ದವಾಗಿದ್ದು ರಿಪೇರ್ ಒಪ್ಪದಿದ್ದರೆ ಡಿಲೀಟ್ ಒತ್ತಬೇಡಿ. ಡಿಲೀಟ್ ಒತ್ತಿದರೆ ಆ ಟ್ರ್ಯಾಕಿನಲ್ಲಿ ಮುಂದಿರುವುದೆಲ್ಲ ಹಿಂದಕ್ಕೆ ಸರಿಯಬಹುದು. ಸ್ಕ್ರೀನ್ ತುಂಬ ಗಾಯನವೇ ಇರುವಾಗ ತಬಲಾದ ಜೊತೆ ತಾಳ ತಪ್ಪಿದ್ದು ಕಣ್ಣಿಗೆ ಬೀಳುವುದೇ ಇಲ್ಲ. ಕಂಟ್ರೋಲ್ + ಎಲ್ ಒತ್ತಿ. ಆ ಜಾಗ ಮೌನವಾಗುತ್ತದೆ, ಯಾವುದೂ ಕದಲುವುದಿಲ್ಲ. ಮುಗಿದ ಮೇಲೆ ಕಂಟ್ರೋಲ್ + ಎಫ್ ಒತ್ತಿ ಇಡೀ ಹಾಡನ್ನು ಅಗಲಕ್ಕೆ ಹೊಂದಿಸಿ. ಲಂಬ ಅಳತೆಪಟ್ಟಿಯ ಮೆನುವಿನಿಂದ ಜೂಮ್ ರೀಸೆಟ್ ಕೂಡ ಮಾಡಿ. ತುಂಬಾ ಜನ ಮರೆಯುವುದು ಇದನ್ನೇ.

ರೀಪರ್: ಹತ್ತು-ಹನ್ನೆರಡರ ಮೇಲಿದ್ದರೆ ಇಲ್ಲಿಗೆ ಬನ್ನಿ

ಹತ್ತು-ಹನ್ನೆರಡು ಟ್ರ್ಯಾಕ್ ದಾಟಿದ ಕೆಲಸ ಪದೇ ಪದೇ ಬರುತ್ತಿದ್ದರೆ ರೀಪರ್ ಎಂಬ ಇನ್ನೊಂದು ರೆಕಾರ್ಡಿಂಗ್ ತಂತ್ರಾಂಶ ಕಲಿಯುವುದು ಲಾಭ. ಎತ್ತರದ ವಿಷಯದಲ್ಲಿ ಅದು ತುಂಬಾ ಮುಂದಿದೆ.

ಕಂಟ್ರೋಲ್ ಹಿಡಿದು ಮೌಸ್ ಚಕ್ರ ತಿರುಗಿಸಿದರೆ ಟ್ರ್ಯಾಕ್‌ಗಳೆಲ್ಲ ಒಟ್ಟಿಗೆ ಎತ್ತರವಾಗುತ್ತವೆ, ತಗ್ಗುತ್ತವೆ. ಬರೀ ಚಕ್ರ ತಿರುಗಿಸಿದರೆ ಅಡ್ಡ ಜೂಮ್. ಕೀಬೋರ್ಡಿನಲ್ಲಿ 1ರ ಎಡಕ್ಕಿರುವ ಕೀ ಒತ್ತುತ್ತಾ ಹೋದರೆ ಅತಿ ಚಿಕ್ಕ, ಮಾಮೂಲಿ, ಅತಿ ದೊಡ್ಡ ಎತ್ತರಗಳ ನಡುವೆ ಸುತ್ತುತ್ತದೆ. ಶಿಫ್ಟ್ ಜೊತೆ ಮೇಲೆ-ಕೆಳಗೆ ಬಾಣ ಒತ್ತಿದರೆ ಎತ್ತರ ಹಾಗೇ ಇದ್ದು ಅಲೆ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಇದರಿಂದಲೂ ದನಿ ಬದಲಾಗುವುದಿಲ್ಲ.

ನಿಜವಾದ ಲಾಭ ಇರುವುದು ಫೋಲ್ಡರ್‌ನಲ್ಲಿ. "ಕೋರಸ್" ಎಂದು ಒಂದು ಖಾಲಿ ಟ್ರ್ಯಾಕ್ ಮಾಡಿ. ನಾಲ್ಕು ಕೋರಸ್ ದನಿಗಳನ್ನು ಎಳೆದು ಅದರೊಳಗೆ ಹಾಕಿ. "ತಾಳವಾದ್ಯ" ಎಂದು ಇನ್ನೊಂದು ಮಾಡಿ, ತಬಲಾ ಎರಡು, ಢೋಲಕ್, ಗೆಜ್ಜೆ, ಶೇಕರ್ ಎಲ್ಲ ಅದರೊಳಗೆ. ಕೀಬೋರ್ಡ್‌ಗೆ ಇನ್ನೊಂದು. ಫೋಲ್ಡರ್ ಟ್ರ್ಯಾಕಿನ ಪುಟ್ಟ ಗುರುತನ್ನು ಒತ್ತಿದರೆ ಒಳಗಿನವು ಮೊದಲು ಸಣ್ಣದಾಗುತ್ತವೆ, ಇನ್ನೊಮ್ಮೆ ಒತ್ತಿದರೆ ಪೂರ್ತಿ ಮಡಚಿಕೊಳ್ಳುತ್ತವೆ. ನಮ್ಮ ಇಪ್ಪತ್ತು ಟ್ರ್ಯಾಕ್ ಈಗ ಹನ್ನೊಂದು ಸಾಲು. ಆಡಾಸಿಟಿಯಲ್ಲಿ ಬೆಸೆದು ಕೂಡಿಸಿದ ಹಾಗೆ ಇಲ್ಲಿ ಏನೂ ಕಳೆದುಕೊಳ್ಳುವುದಿಲ್ಲ. ಮೂರನೇ ಕೋರಸ್ ದನಿ ಇಳಿಸಬೇಕೇ? ಬಿಚ್ಚಿ, ಇಳಿಸಿ, ಮಡಚಿ. ಫೋಲ್ಡರಿನ ಫೇಡರ್ (ಮಟ್ಟ ಏರಿಸಿ ಇಳಿಸುವ ಜಾರುಗುಂಡಿ) ಎಳೆದರೆ ಕೋರಸ್ ಇಡಿಯಾಗಿ ಏರುತ್ತದೆ, ಇಳಿಯುತ್ತದೆ.

ಪೂರ್ತಿ ಅಡಗಿಸಲು ವ್ಯೂ ಮೆನುವಿನ ಟ್ರ್ಯಾಕ್ ಮ್ಯಾನೇಜರ್ ಇದೆ. ಎಡಿಟಿಂಗ್ ಜಾಗದಲ್ಲಿ ಕಾಣಬೇಕೇ, ಮಿಕ್ಸರ್‌ನಲ್ಲಿ ಕಾಣಬೇಕೇ ಎಂದು ಬೇರೆ ಬೇರೆಯಾಗಿ ಹೇಳಬಹುದು. ತಂಬೂರಿಯನ್ನು ಎಡಿಟಿಂಗ್‌ನಿಂದ ಅಡಗಿಸಿ, ಮಿಕ್ಸರ್‌ನಲ್ಲಿ ಉಳಿಸಿ. ಅದನ್ನು ಕತ್ತರಿಸುವುದು ಏನೂ ಇಲ್ಲ, ಮಟ್ಟ ಮಾತ್ರ ನೋಡಬೇಕು. ಅಡಗಿದ ಟ್ರ್ಯಾಕ್ ಕಾಣದಿದ್ದರೂ ಕೇಳಿಸುತ್ತಲೇ ಇರುತ್ತದೆ ಎಂಬುದು ನೆನಪಿರಲಿ. ಕ್ಲಿಕ್ ಟ್ರ್ಯಾಕನ್ನು ಅಡಗಿಸುವ ಮುನ್ನ ಮ್ಯೂಟ್ ಮಾಡಿ. ಇಲ್ಲದಿದ್ದರೆ ರೆಂಡರ್ ಆದ (ಕೊನೆಯ ಫೈಲಾಗಿ ಹೊರಬಂದ) ಹಾಡಿನಲ್ಲಿ ಟಿಕ್ ಟಿಕ್ ಎಂದು ಬಂದು ಕೂರುತ್ತದೆ.

ಒಂದು ಟ್ರ್ಯಾಕಿನ ಎತ್ತರ ಯಾವಾಗಲೂ ಅಷ್ಟೇ ಇರಲಿ ಎನಿಸಿದರೆ ಅದರ ಫಲಕದ ಮೇಲೆ ರೈಟ್ ಕ್ಲಿಕ್ ಮಾಡಿ ಎತ್ತರಕ್ಕೆ ಲಾಕ್ ಹಾಕಬಹುದು. ಮುಖ್ಯ ಗಾಯನಕ್ಕೆ ಇದು ಸರಿ.

ಪ್ರೋ ಟೂಲ್ಸ್, ಲಾಜಿಕ್‌ನಲ್ಲಿ

ಸ್ಟುಡಿಯೋಗಳಲ್ಲಿ ಕೂತು ಈ ಎರಡು ರೆಕಾರ್ಡಿಂಗ್ ತಂತ್ರಾಂಶ ಬಳಸುವವರಿಗೆ ಎರಡು ಮಾತು. ಪ್ರೋ ಟೂಲ್ಸ್‌ನಲ್ಲಿ ಎತ್ತರಗಳಿಗೆ ಹೆಸರೇ ಇದೆ: ಮೈಕ್ರೋದಿಂದ ಶುರುವಾಗಿ ಮಿನಿ, ಸ್ಮಾಲ್, ಮೀಡಿಯಂ, ಲಾರ್ಜ್, ಜಂಬೋ, ಎಕ್ಸ್‌ಟ್ರೀಮ್, ಕೊನೆಗೆ ಫಿಟ್ ಟು ವಿಂಡೋ. ಮ್ಯಾಕ್‌ನಲ್ಲಿ ಕಂಟ್ರೋಲ್ ಜೊತೆ ಮೇಲೆ-ಕೆಳಗೆ ಬಾಣ ಒತ್ತಿದರೆ ಒಂದೊಂದೇ ಮೆಟ್ಟಿಲು ಹತ್ತಿ ಇಳಿಯಬಹುದು. ಆಪ್ಷನ್ ಹಿಡಿದು ಎತ್ತರ ಆರಿಸಿದರೆ ಎಲ್ಲ ಟ್ರ್ಯಾಕಿಗೂ ಅದೇ ಎತ್ತರ. ವಿಂಡೋಸ್‌ನಲ್ಲಿ ಆಪ್ಷನ್ ಬದಲು ಆಲ್ಟ್. ಲಾಜಿಕ್‌ನಲ್ಲಿ ಕಮಾಂಡ್ ಜೊತೆ ಮೇಲೆ-ಕೆಳಗೆ ಬಾಣ ಲಂಬ ಜೂಮ್ ಮಾಡುತ್ತದೆ. ಜೆಡ್ ಒತ್ತಿದರೆ ಆಯ್ದದ್ದು ಕಿಟಕಿ ತುಂಬುತ್ತದೆ, ಮತ್ತೆ ಒತ್ತಿದರೆ ವಾಪಸ್. ಆ ಒಂದು ಕೀಗಾಗಿಯೇ ಲಾಜಿಕ್ ಬಿಡದವರಿದ್ದಾರೆ.

ಯಾವ ಕೆಲಸಕ್ಕೆ ಯಾವ ಎತ್ತರ

ರೆಕಾರ್ಡಿಂಗ್ ಮಾಡುವಾಗ ಈಗ ತುಂಬುತ್ತಿರುವ ಟ್ರ್ಯಾಕ್ ಮತ್ತು ಅದಕ್ಕೆ ಆಧಾರವಾಗಿ ಕೇಳುತ್ತಿರುವ ಒಂದು ಟ್ರ್ಯಾಕ್, ಎರಡೇ ದೊಡ್ಡದಿರಲಿ. ಮಟ್ಟವನ್ನು ಅಲೆ ನೋಡಿ ಅಳೆಯಬೇಡಿ, ಮೀಟರ್ ನೋಡಿ. ಆಡಾಸಿಟಿಯ ವ್ಯೂ ಮೆನುವಿನಲ್ಲಿ ಶೋ ಕ್ಲಿಪಿಂಗ್ ಹಾಕಿಟ್ಟರೆ ದನಿ ಒಡೆದ ಕಡೆ ಕೆಂಪು ಗೆರೆ ಬರುತ್ತದೆ.

ಟೇಕ್‌ಗಳನ್ನು ಹೋಲಿಸುವಾಗ ಎರಡನ್ನೂ ಒಂದರ ಕೆಳಗೊಂದು ಇಟ್ಟು ಒಂದೇ ಎತ್ತರ, ಒಂದೇ ಲಂಬ ಜೂಮ್ ಕೊಡಿ. ಒಂದರ ಜೂಮ್ ಜಾಸ್ತಿ ಇದ್ದರೆ ಅದೇ ಜೋರಾಗಿ ಹಾಡಿದ ಟೇಕ್ ಎಂದು ಕಣ್ಣು ಮೋಸ ಹೋಗುತ್ತದೆ. ಇದು ತುಂಬಾ ಸಲ ಆಗುವ ಎಡವಟ್ಟು.

ಮಿಕ್ಸಿಂಗ್‌ಗೆ ಬಂದ ಮೇಲೆ ಎಲ್ಲವೂ ಚಿಕ್ಕದಿರಲಿ. ಆಗ ಕಣ್ಣಿಗಿಂತ ಕಿವಿಗೆ ಕೆಲಸ. ಪಲ್ಲವಿ ಎಲ್ಲಿ, ಚರಣ ಎಲ್ಲಿ, ಮಧ್ಯದ ಬಿಟ್‌ನಲ್ಲಿ ಕೊಳಲು ಎಲ್ಲಿ ಬರುತ್ತದೆ ಎಂಬ ನಕ್ಷೆ ಕಂಡರೆ ಸಾಕು.

ಆಗಾಗ ಬರುವ ತೊಂದರೆಗಳು

ಅಲೆಯ ಮೇಲ್ಭಾಗ ಕತ್ತರಿಸಿದಂತೆ ಸಪಾಟಾಗಿ ಕಾಣುತ್ತಿದೆಯೇ? ದನಿ ಒಡೆದಿದೆ ಎಂದು ಹೆದರುವ ಮೊದಲು ಲಂಬ ಅಳತೆಪಟ್ಟಿಯ ಅಂಕಿ ನೋಡಿ. 1.0 ಇರಬೇಕಾದ ಕಡೆ 0.2 ಇದ್ದರೆ ಅದು ಬರೀ ಜೂಮ್. ರೀಸೆಟ್ ಮಾಡಿ.

ಎಲ್ಲ ಟ್ರ್ಯಾಕನ್ನೂ ಆಯ್ದು ಏನೋ ಎಫೆಕ್ಟ್ ಹಾಕಿದಾಗ ಮಡಚಿದವಕ್ಕೂ ಅದು ತಗುಲುತ್ತದೆ. ಆಡಾಸಿಟಿಗೆ ಮಡಚಿದ್ದು, ಬಿಚ್ಚಿದ್ದು ಎಂಬ ಭೇದವಿಲ್ಲ. ಕಂಟ್ರೋಲ್ + ಎ ಒತ್ತುವ ಮುಂಚೆ ಒಮ್ಮೆ ಕೆಳಗಿನವರೆಗೆ ಸ್ಕ್ರೋಲ್ ಮಾಡಿ ನೋಡಿ.

ನಾಳೆ ತೆರೆದಾಗ ಎತ್ತರಗಳೆಲ್ಲ ಹೋಗಿಬಿಡುತ್ತವೆಯೇ ಎಂಬ ಚಿಂತೆ ಬೇಡ. ಪ್ರಾಜೆಕ್ಟ್ ಸೇವ್ ಮಾಡಿದಾಗ ಎತ್ತರ, ಮಡಚಿದ ಸ್ಥಿತಿ ಎರಡೂ ಅದರೊಳಗೇ ಉಳಿಯುತ್ತವೆ.

ರೀಪರ್‌ನಲ್ಲಿ ಟ್ರ್ಯಾಕ್ ಚಿಕ್ಕದಾಗಿಯೇ ಇದೆ, ಆದರೂ ಸ್ಕ್ರೀನ್ ತುಂಬಿಹೋಗಿದೆ ಎಂದಾದರೆ ಎನ್ವಲಪ್ (ಹಾಡಿನುದ್ದಕ್ಕೂ ಮಟ್ಟದ ಏರಿಳಿತ ಬರೆದಿಡುವ ಗೆರೆ) ಸಾಲುಗಳನ್ನು ನೋಡಿ. ವಾಲ್ಯೂಮ್, ಪ್ಯಾನ್ ಎಂದು ಒಂದೊಂದಕ್ಕೂ ಬೇರೆ ಸಾಲು ತೆರೆದುಕೊಂಡಿರುತ್ತದೆ. ಟ್ರ್ಯಾಕ್ ಆಯ್ದು ವಿ ಒತ್ತಿದರೆ ವಾಲ್ಯೂಮ್ ಸಾಲು, ಪಿ ಒತ್ತಿದರೆ ಪ್ಯಾನ್ ಸಾಲು ಮರೆಯಾಗುತ್ತದೆ. ಸಾಲು ಮರೆಯಾದರೂ ನೀವು ಬರೆದಿಟ್ಟ ಏರಿಳಿತ ಹಾಗೇ ಕೆಲಸ ಮಾಡುತ್ತಿರುತ್ತದೆ.